ದೊಡ್ಡ ನಾಯಿಗೆ ಎರಡನೇ ಮನೆ

ಹೈದರಾಬಾದಿನಲ್ಲಿ ಮರಿನಾಯಿಗೆ ಮನೆ ಹುಡುಕುವುದು ಅಷ್ಟೇನೂ ಕಷ್ಟವಲ್ಲ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಮಹಾನಗರ ಪಾಲಿಕೆ, ಅಂದರೆ ಜಿಎಚ್‌ಎಂಸಿ, ಬಂಜಾರಾ ಹಿಲ್ಸ್‌ನ ಜಲಗಂ ವೆಂಗಳರಾವ್ ಉದ್ಯಾನದಲ್ಲಿ ಬೀದಿನಾಯಿ ಮರಿಗಳನ್ನು ದತ್ತು ಕೊಡುವ ಮೇಳವನ್ನೇ ನಡೆಸಿತು. ಅಂಗೈಯಗಲದ ಮರಿಯನ್ನು ಎತ್ತಿಕೊಂಡವರಿಗೆ ಅದನ್ನು ಕೆಳಗಿಡಲು ಮನಸ್ಸಾಗುವುದಿಲ್ಲ. ಆರೇಳು ವರ್ಷದ ನಾಯಿಯ ಕಥೆ ಬೇರೆ. ಹೊಸಬರನ್ನು ಕಂಡರೆ ಹಲ್ಲು ಕಿರಿಯುವ, ಇನ್ನೊಂದು ನಾಯಿ ಎದುರಾದರೆ ಹಗ್ಗ ಹರಿಯುವಂತೆ ಜಗ್ಗುವ, ಕರೆಗಂಟೆ ಬಾರಿಸಿದರೆ ಮಂಚದಡಿ ಸೇರುವ ನಾಯಿಯನ್ನು ಅಂಥ ಮೇಳಕ್ಕೆ ಕರೆದೊಯ್ಯುವಂತೆಯೇ ಇಲ್ಲ. ಅದಕ್ಕೆ ಬೇಕಾದದ್ದು ಒಂದೇ ಒಂದು ಮನೆ, ಆದರೆ ಆ ಮನೆ ಸರಿಯಾದದ್ದೇ ಆಗಬೇಕು.

ಇಂಥ ನಾಯಿಗಳು ಮನೆ ಕಳೆದುಕೊಳ್ಳುವ ಸಂದರ್ಭಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಗಚ್ಚಿಬೌಲಿ, ಮಾಧಾಪುರ, ಕೊಂಡಾಪುರದ ಕಡೆ ಐಟಿ ಕೆಲಸದಲ್ಲಿರುವ ದಂಪತಿಗೆ ಅಮೆರಿಕದ ವೀಸಾ ಸಿಗುತ್ತದೆ. ಮಗು ಹುಟ್ಟುತ್ತದೆ. ಬಾಡಿಗೆ ಮನೆಯ ಮಾಲೀಕರು ತಕರಾರು ತೆಗೆಯುತ್ತಾರೆ. ನಾಯಿಯನ್ನು ನೋಡಿಕೊಳ್ಳುತ್ತಿದ್ದ ಅಜ್ಜ ತೀರಿಕೊಂಡು, ಉಳಿದವರನ್ನು ಅದು ಹತ್ತಿರವೇ ಸೇರಿಸದಂತಾಗುತ್ತದೆ. ಕೆಲವು ಸಲ ನಾಯಿ ಕಚ್ಚಿಯೇ ಬಿಟ್ಟಿರುತ್ತದೆ. ಆಗ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸುಂದರ ಫೋಟೊ, ಅದರ ಕೆಳಗೆ ‘ತುಂಬಾ ಫ್ರೆಂಡ್ಲಿ, ಏನೂ ಮಾಡಲ್ಲ, ಅರ್ಜೆಂಟಾಗಿ ಮನೆ ಬೇಕು’ ಎಂಬ ಬರಹ ಹರಿದಾಡುತ್ತದೆ. ಆ ಮೂರರಲ್ಲಿ ನಿಜವಿರುವುದು ಸಾಮಾನ್ಯವಾಗಿ ಕೊನೆಯ ಮಾತು ಮಾತ್ರ.

ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ

ಮನುಷ್ಯರ ನಡುವೆ ಬದುಕುವುದು ನಾಯಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಜಗತ್ತಿನಲ್ಲಿ ಏನೇನು ಮಾಮೂಲು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದನ್ನು ಮರಿ ಸರಿಸುಮಾರು ಮೂರನೇ ವಾರದಿಂದ ಹನ್ನೆರಡನೇ ವಾರದ ಒಳಗೆ ಕಲಿಯುತ್ತದೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿ ಸಾಕಿ ಇದನ್ನು ಅಧ್ಯಯನ ಮಾಡಿ, 1965ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದಕ್ಕೂ ಮೊದಲು, 1961ರಲ್ಲಿ, ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬರೆದಿದ್ದರು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ತಾಯಿಯ ಜೊತೆ, ಮನುಷ್ಯರ ಒಡನಾಟವೇ ಇಲ್ಲದೆ ಮರಿಗಳನ್ನು ಬೆಳೆಸಲಾಗಿತ್ತು. ನಡುನಡುವೆ ಕೆಲವನ್ನು ಒಂದು ವಾರದ ಮಟ್ಟಿಗೆ ಹೊರತೆಗೆದು ಜನರ ಜೊತೆ ಆಡಿಸಿ ಮರಳಿ ಬಿಡುತ್ತಿದ್ದರು. ಏಳನೇ ವಾರದ ಹೊತ್ತಿಗೆ ಹೀಗೆ ಹೊರಬಂದವು ಮನುಷ್ಯರಿಗೆ ಬೇಗ ಒಗ್ಗಿದವು. ಹದಿನಾಲ್ಕು ವಾರದವರೆಗೂ ಒಳಗೇ ಉಳಿದವು ಕಾಡುಪ್ರಾಣಿಗಳ ಹಾಗೆ ವರ್ತಿಸಿದವು.

ಫ್ಲ್ಯಾಟಿನ ಮರಿಗೆ ಆಗುವುದು ಇದರದೇ ಸೌಮ್ಯ ರೂಪ. ಲಸಿಕೆಗಳೆಲ್ಲ ಮುಗಿಯುವ ತನಕ ಹೊರಗೆ ಬಿಡಬೇಡಿ ಎಂದು ವೈದ್ಯರು ಹೇಳುತ್ತಾರೆ. ಪಾರ್ವೊ ಸೋಂಕಿನ ಭಯ ಸುಳ್ಳಲ್ಲವಾದ್ದರಿಂದ ಆ ಮಾತಿನಲ್ಲೂ ತಪ್ಪಿಲ್ಲ. ಆದರೆ ಲಸಿಕೆಯ ಸರದಿ ಮುಗಿಯುವಷ್ಟರಲ್ಲಿ ಮರಿಗೆ ನಾಲ್ಕು ತಿಂಗಳಾಗಿ, ಕಲಿಕೆಯ ಕಿಟಕಿ ಮುಚ್ಚಿರುತ್ತದೆ. ಮರಿಯನ್ನು ನೆಲಕ್ಕೆ ಬಿಡದೆ ತೋಳಲ್ಲಿ ಎತ್ತಿಕೊಂಡು ಲಿಫ್ಟು, ತರಕಾರಿ ಗಾಡಿ, ಹೆಲ್ಮೆಟ್ ಹಾಕಿದವರು, ಬುರ್ಖಾ ತೊಟ್ಟವರು, ಕೋಲು ಹಿಡಿದ ಮುದುಕರು ಎಲ್ಲರನ್ನೂ ತೋರಿಸಿದ್ದರೆ ಸಾಕಿತ್ತು. ಅದನ್ನು ಹೇಳಿಕೊಡುವವರು ಕಡಿಮೆ. 2020–21ರ ಲಾಕ್‌ಡೌನ್‌ನಲ್ಲಿ ಮನೆಗೆ ಬಂದ ಮರಿಗಳಿಗಂತೂ ನೋಡಲು ಬಾಗಿಲಾಚೆ ಯಾರೂ ಇರಲಿಲ್ಲ. ಅವಕ್ಕೀಗ ಐದಾರು ವರ್ಷ. ಇದರ ಮೇಲೆ ಹಗಲೆಲ್ಲ ಬಾಲ್ಕನಿಯಲ್ಲಿ ಚೈನು ಕಟ್ಟಿದ್ದೋ, ಬ್ರೀಡರ್‌ನ ಬೋನಿನಲ್ಲಿ ಮೊದಲ ತಿಂಗಳು ಕಳೆದದ್ದೋ ಸೇರಿದರೆ ನಾಯಿಯ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. 2022ರ ‘777 ಚಾರ್ಲಿ’ ಸಿನಿಮಾದ ನಾಯಿ ಬ್ರೀಡರ್‌ನ ಹಿಂಸೆ ತಾಳದೆ ಓಡಿಬಂದದ್ದು. ಅದು ಅಷ್ಟು ಸಲೀಸಾಗಿ ಎಲ್ಲರನ್ನೂ ಒಪ್ಪಿಕೊಂಡದ್ದನ್ನು ಸಿನಿಮಾದ ಪುಣ್ಯವೆಂದೇ ಹೇಳಬೇಕು.

ಬೀದಿಗೆ ಬಿಟ್ಟರೆ

ಊರ ಹೊರಗೆ, ಔಟರ್ ರಿಂಗ್ ರೋಡಿನ ಬದಿಯಲ್ಲಿ ಬಿಟ್ಟು ಬಂದರೆ ಹೇಗೋ ಬದುಕಿಕೊಳ್ಳುತ್ತದೆ ಎಂದುಕೊಳ್ಳುವವರಿದ್ದಾರೆ. ಅದು ಬದುಕುವುದಿಲ್ಲ. ಬೀದಿನಾಯಿಗಳಿಗೆ ತಮ್ಮ ತಮ್ಮ ಗಡಿ ಉಂಟು, ಹೊಸ ನಾಯಿ ಬಂದರೆ ಗುಂಪೇ ಮೇಲೆ ಬೀಳುತ್ತದೆ. ಬಟ್ಟಲಲ್ಲಿ ಊಟ ಮಾಡಿ ಅಭ್ಯಾಸವಾದದ್ದಕ್ಕೆ ಕಸದ ತೊಟ್ಟಿಯಲ್ಲಿ ಹುಡುಕಿ ತಿನ್ನಲು ಬರುವುದಿಲ್ಲ, ವಾಹನದ ಅಂದಾಜೂ ಇರುವುದಿಲ್ಲ. ಹೆದರಿದ ನಾಯಿ ದಾರಿಹೋಕರನ್ನು ಕಚ್ಚಿದರೆ ಅದರ ಫಲವನ್ನು ಆ ಬೀದಿಯ ನಾಯಿಗಳೆಲ್ಲ ಉಣ್ಣಬೇಕಾಗುತ್ತದೆ. 2023ರ ಫೆಬ್ರವರಿಯಲ್ಲಿ ಅಂಬರಪೇಟೆಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಬೀದಿನಾಯಿಗಳ ದಾಳಿಗೆ ಬಲಿಯಾದ ಮೇಲೆ ಈ ನಗರದಲ್ಲಿ ನಾಯಿಯ ಕುರಿತ ಮಾತು ಮೊದಲಿನಷ್ಟು ತಣ್ಣಗಿಲ್ಲ.

ಹೀಗೆ ಬಿಟ್ಟು ಬರುವುದು ಕಾನೂನಿನ ಪ್ರಕಾರವೂ ಅಪರಾಧ. ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಶಿಕ್ಷಾರ್ಹವೆಂದು ಹೇಳುತ್ತದೆ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಆ ಅಂಕಿ ಬದಲಾಗಿಲ್ಲ. ಎರಡು ಇರಾನಿ ಚಹಾದ ದುಡ್ಡಿಗೆ ಯಾರೂ ಹೆದರುವುದಿಲ್ಲ. ಇದಕ್ಕಿಂತ ಭಾರವಾದದ್ದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ. ತನ್ನ ಸುಪರ್ದಿಯಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಸಂತಾನಹರಣ ಮತ್ತು ಲಸಿಕೆಯಾದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು, ಆಕ್ರಮಣ ಮಾಡುವ ನಾಯಿಯನ್ನು ಬಿಡುವಂತಿಲ್ಲ ಎಂದಿತು. ಬೀದಿನಾಯಿಯನ್ನು ದತ್ತು ಪಡೆದವರು ಅದು ಮತ್ತೆ ಬೀದಿ ಸೇರದಂತೆ ನೋಡಿಕೊಳ್ಳಬೇಕು ಎಂದೂ ಅದೇ ಆದೇಶ ಹೇಳುತ್ತದೆ.

ಆಶ್ರಯಧಾಮಗಳ ಬಾಗಿಲು ತಟ್ಟುವುದು ಮುಂದಿನ ಯೋಚನೆ. ‘ಪುಷ್ಪಕ ವಿಮಾನ’ದ ನಾಯಕಿಯೆಂದು ಕನ್ನಡಿಗರು ನೆನಪಿಟ್ಟುಕೊಂಡಿರುವ ಅಮಲಾ ಅಕ್ಕಿನೇನಿ 1992ರಲ್ಲಿ ಹುಟ್ಟುಹಾಕಿದ ಬ್ಲೂ ಕ್ರಾಸ್ ಆಫ್ ಹೈದರಾಬಾದ್ ಜುಬಿಲಿ ಹಿಲ್ಸ್‌ನಲ್ಲಿದೆ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರಾಜರ್ಸ್ 1991ರಲ್ಲಿ ಆರಂಭಿಸಿದ ಕ್ಯೂಪಾ, ಮಾಲೀಕರು ಕೈಬಿಟ್ಟ ನಾಯಿಗಳಿಗೆಂದೇ ಬೇರೆ ದತ್ತು ಕೇಂದ್ರ ಇಟ್ಟಿದೆ. ಇಂಥ ಸಂಸ್ಥೆಗಳ ಮೊದಲ ಗಮನ ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳ ಕಡೆಗೆ, ಅದು ನ್ಯಾಯವೂ ಹೌದು. ಮೇಲಾಗಿ ಹತ್ತಾರು ನಾಯಿಗಳ ಬೊಗಳುವಿಕೆಯ ನಡುವೆ ಭಯಸ್ಥ ನಾಯಿಯ ಸ್ಥಿತಿ ಇನ್ನೂ ಕೆಡುತ್ತದೆ. 2019ರಲ್ಲಿ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು ಆಶ್ರಯಧಾಮದ ನಾಯಿಗಳನ್ನು ಒಂದೆರಡು ರಾತ್ರಿ ಮನೆಗಳಲ್ಲಿ ಮಲಗಿಸಿ ಪರೀಕ್ಷಿಸಿತು. ಒತ್ತಡದ ಹಾರ್ಮೋನು ಕಾರ್ಟಿಸೋಲ್ ಮನೆಯಲ್ಲಿದ್ದಾಗ ಇಳಿದು, ಮರಳಿದ ಮೇಲೆ ಮತ್ತೆ ಮೊದಲಿನ ಮಟ್ಟಕ್ಕೆ ಏರಿತ್ತು. ಆದ್ದರಿಂದ ಹೊಸ ಮನೆ ಸಿಗುವ ತನಕ ನಾಯಿಯನ್ನು ಇದ್ದ ಮನೆಯಲ್ಲೇ ಇಟ್ಟುಕೊಳ್ಳುವುದು ಉತ್ತಮ. ಅದು ಆಗದಿದ್ದರೆ ಫಾಸ್ಟರ್ ಮನೆ, ಅಂದರೆ ತಾತ್ಕಾಲಿಕವಾಗಿ ಸಾಕುವವರ ಮನೆ, ಅದೂ ಸಿಗದಿದ್ದರೆ ಮಾತ್ರ ಆಶ್ರಯಧಾಮ.

ಮೊದಲು ವೈದ್ಯರ ಬಳಿ

ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಸಿಡುಕಲು ಶುರುಮಾಡಿದರೆ ಅದನ್ನು ಸ್ವಭಾವವೆಂದು ತೀರ್ಮಾನಿಸುವ ಮುಂಚೆ ನೋವಿದೆಯೇ ಎಂದು ನೋಡಬೇಕು. ಸೊಂಟದ ಕೀಲು ಸವೆದ ಲ್ಯಾಬ್ರಡಾರ್‌ನ ಬೆನ್ನ ಮೇಲೆ ಮಗು ಕೈಯಿಟ್ಟರೆ ಅದು ತಿರುಗಿ ಗುರ್ ಎನ್ನುತ್ತದೆ. ಕೊಳೆತ ಹಲ್ಲು, ಕಿವಿಯ ಸೋಂಕು, ಮಂಜಾದ ಕಣ್ಣು, ಥೈರಾಯ್ಡ್ ಕೊರತೆ, ಉಣ್ಣೆ ಕಚ್ಚಿ ಬರುವ ಜ್ವರ ಇವೆಲ್ಲ ಸಿಡುಕಿನ ಹಿಂದಿರಬಹುದು. ತೀರ ವಯಸ್ಸಾದ ನಾಯಿಗಳಲ್ಲಿ ಮನುಷ್ಯರ ಮರೆವಿನ ಕಾಯಿಲೆಯನ್ನು ಹೋಲುವ ತೊಂದರೆಯೂ ಉಂಟು: ರಾತ್ರಿಯೆಲ್ಲ ಅಲೆಯುವುದು, ಮೂಲೆಯಲ್ಲಿ ಸಿಕ್ಕಿಕೊಂಡು ನಿಲ್ಲುವುದು, ಪರಿಚಿತರನ್ನೇ ಗುರುತಿಸದಿರುವುದು. ರಾಜೇಂದ್ರನಗರದ ಪಶುವೈದ್ಯ ಕಾಲೇಜು, ನಾರಾಯಣಗುಡದ ಸರ್ಕಾರಿ ಪಶು ಆಸ್ಪತ್ರೆ, ಇಲ್ಲವೇ ಹತ್ತಿರದ ಖಾಸಗಿ ವೈದ್ಯರು, ಎಲ್ಲಾದರೂ ಸರಿ, ರಕ್ತಪರೀಕ್ಷೆ ಮತ್ತು ಕೀಲಿನ ತಪಾಸಣೆ ಆಗಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ಮಾತ್ರ ಕೊಡಬಾರದು, ಐಬುಪ್ರೊಫೆನ್ ನಾಯಿಗೆ ವಿಷ.

ಸಂತಾನಹರಣ ಶಸ್ತ್ರಕ್ರಿಯೆ ಆಗಿರದಿದ್ದರೆ ಮನೆ ಬದಲಿಸುವ ಮೊದಲೇ ಮಾಡಿಸುವುದು ಒಳ್ಳೆಯದು. ಆದರೆ ಅದರಿಂದ ಗಂಡುನಾಯಿಯ ಅಲೆದಾಟ ತಗ್ಗಬಹುದೇ ಹೊರತು ಭಯದಿಂದ ಕಚ್ಚುವ ಚಾಳಿ ಹೋಗುವುದಿಲ್ಲ. ‘ಆಪರೇಷನ್ ಮಾಡಿಸಿದರೆ ಸರಿಹೋಗುತ್ತೆ’ ಎಂಬ ಭರವಸೆ ಕೊಟ್ಟು ನಾಯಿಯನ್ನು ದಾಟಿಸುವುದು ಸರಿಯಲ್ಲ.

ಮುಚ್ಚಿಡಬಾರದ ಸಂಗತಿ

ಇಡೀ ಕೆಲಸ ಕೆಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ: ಕಚ್ಚಿದ್ದನ್ನು ಮುಚ್ಚಿಟ್ಟಾಗ. ಹೇಳಿದರೆ ಯಾರೂ ಕರೆದೊಯ್ಯುವುದಿಲ್ಲ ಎಂಬ ಹೆದರಿಕೆ ಅರ್ಥವಾಗುವಂಥದ್ದೇ. ಆದರೆ ಹೊಸ ಮನೆಯವರು ಗೊತ್ತಿಲ್ಲದೆ ಬಟ್ಟಲಿಗೆ ಕೈಹಾಕಿ ಕಚ್ಚಿಸಿಕೊಂಡರೆ ನಾಯಿ ಮೂರನೇ ಮನೆ ಕಾಣುವುದಿಲ್ಲ.

ಬರೆದಿಡುವಾಗ ವಿಶೇಷಣಗಳು ಬೇಡ, ನಡೆದದ್ದು ಬೇಕು. ‘ಸ್ವಲ್ಪ ಮೂಡಿ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ‘ಗಡ್ಡವಿರುವ ಗಂಡಸರು ಮನೆಯೊಳಗೆ ಬಂದರೆ ಬೊಗಳುತ್ತದೆ, ಹೊರಗೆ ಕಂಡರೆ ಸುಮ್ಮನಿರುತ್ತದೆ, ಮೂಳೆ ಬಾಯಲ್ಲಿದ್ದಾಗ ಹತ್ತಿರ ಹೋಗಬಾರದು, ಕಳೆದ ವರ್ಷ ಉಗುರು ಕತ್ತರಿಸುವಾಗ ಕೈ ಕಚ್ಚಿ ಎರಡು ಕಡೆ ಹಲ್ಲು ಇಳಿದಿತ್ತು’ ಎಂದು ಬರೆದರೆ ಕರೆದೊಯ್ಯುವವರಿಗೆ ಮುಂದಿನ ದಾರಿ ಕಾಣುತ್ತದೆ. ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಸ್ಕೂಟರನ್ನು ಅಟ್ಟಿಸಿಕೊಂಡು ಹೋಗುತ್ತದೆಯೇ, ಬೆಕ್ಕನ್ನು ಸಹಿಸುತ್ತದೆಯೇ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ, ಇದೆಲ್ಲ ಪಟ್ಟಿಯಲ್ಲಿರಬೇಕು. ಅದಕ್ಕೆ ಗೊತ್ತಿರುವ ಮಾತುಗಳನ್ನೂ ಬರೆಯಬೇಕು. ಮನೆಯಲ್ಲಿ ಕನ್ನಡ, ಕೆಲಸದವರೊಂದಿಗೆ ತೆಲುಗು, ವಾಚ್‌ಮನ್ ಜೊತೆ ದಖ್ಖನಿ ಕೇಳಿ ಬೆಳೆದ ನಾಯಿ ಯಾವುದಕ್ಕೆ ಕೂರುತ್ತದೆ, ಯಾವುದಕ್ಕೆ ಬರುತ್ತದೆ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ.

ಕಚ್ಚಿದ್ದರ ತೀವ್ರತೆ ಅಳೆಯಲು ಪಶುವೈದ್ಯ ಇಯಾನ್ ಡನ್‌ಬಾರ್ ರೂಪಿಸಿದ ಆರು ಹಂತದ ಅಳತೆ ಬಳಕೆಯಲ್ಲಿದೆ. ಹಲ್ಲು ಮೈಗೆ ತಾಗದೆ ಬರೀ ಗಾಳಿಯಲ್ಲಿ ಕಚ್ಚಿದ್ದು ಮೊದಲ ಹಂತ, ಹಲ್ಲು ತಾಗಿಯೂ ಚರ್ಮಕ್ಕೆ ತೂತು ಬೀಳದಿದ್ದರೆ ಎರಡನೆಯದು. ಒಂದೇ ಕಡಿತದಲ್ಲಿ ಒಂದರಿಂದ ನಾಲ್ಕು ತೂತು, ಆಳ ಕೋರೆಹಲ್ಲಿನ ಅರ್ಧದೊಳಗೆ ಇದ್ದರೆ ಮೂರು. ಅದಕ್ಕಿಂತ ಆಳವಾಗಿ ಇಳಿದು ಹಿಡಿದು ಅಲ್ಲಾಡಿಸಿದ್ದರೆ ನಾಲ್ಕು. ಅಂಥ ಆಳದ ಕಡಿತ ಮತ್ತೆ ಮತ್ತೆ ಆಗಿದ್ದರೆ ಐದು, ಸಾವು ಆಗಿದ್ದರೆ ಆರು. ಮೊದಲ ಎರಡು ಹಂತದ ನಾಯಿಗಳಿಗೆ ತಾಳ್ಮೆಯಿದ್ದವರ ಮನೆ ಧಾರಾಳವಾಗಿ ಸಾಕು. ಮೂರನೆಯದಕ್ಕೆ ಅನುಭವಸ್ಥರೇ ಬೇಕು. ನಾಲ್ಕಕ್ಕೆ ಬಂದ ನಾಯಿಯನ್ನು ಸಾಮಾನ್ಯ ಮನೆಗೆ ಕೊಡುವುದು ಅಪಾಯವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದಂತೆ.

ತಳಿಯ ಹೆಸರು ನೋಡಿ ತೀರ್ಮಾನಿಸುವುದು ಇದಕ್ಕಿಂತ ಸುಲಭ, ಆದರೆ ಉಪಯೋಗ ಕಡಿಮೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ‘ಕ್ರೂರ’ವೆಂದು ಪಟ್ಟಿಮಾಡಿ ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ಅದಕ್ಕೂ ಹಿಂದಿನ ವರ್ಷದ ಜನವರಿಯಲ್ಲಿ ಬಂಜಾರಾ ಹಿಲ್ಸ್‌ನ ಅಪಾರ್ಟ್‌ಮೆಂಟಿನಲ್ಲಿ ನಾಯಿ ಬೆನ್ನಟ್ಟಿದ್ದರಿಂದ ಡೆಲಿವರಿ ಹುಡುಗನೊಬ್ಬ ಮೂರನೇ ಮಹಡಿಯಿಂದ ಬಿದ್ದು ಸತ್ತಿದ್ದ. ಅದು ಜರ್ಮನ್ ಶೆಫರ್ಡ್, ಆ 23ರಲ್ಲಿ ಅದರ ಹೆಸರಿರಲಿಲ್ಲ.

ಎಂಥ ಮನೆ

ಮಕ್ಕಳಿಲ್ಲದ, ಬಂದುಹೋಗುವವರು ಕಡಿಮೆಯಿರುವ, ಲಿಫ್ಟು ಹತ್ತದೆ ಹೊರಗೆ ಹೋಗಬಹುದಾದ ಮನೆ ಇಂಥ ನಾಯಿಗೆ ಹೇಳಿಮಾಡಿಸಿದಂಥದ್ದು. ಸೈನಿಕ್‌ಪುರಿಯ ಹಳೆಯ ಕಾಲೊನಿಯ ಕಾಂಪೌಂಡು ಮನೆ ಕೊಂಡಾಪುರದ ಇಪ್ಪತ್ತನೇ ಮಹಡಿಯ ಫ್ಲ್ಯಾಟಿಗಿಂತ ಎಷ್ಟೋ ಮೇಲು. ತೋಟದ ಮನೆಯೆಂದರೆ ಜನ ಕಣ್ಣರಳಿಸುತ್ತಾರೆ, ಆದರೆ ಅಲ್ಲೊಂದು ಅಪಾಯವಿದೆ. ಮೊಯಿನಾಬಾದ್, ಶಂಕರಪಲ್ಲಿ ಕಡೆಯ ಫಾರಂಹೌಸಿನವರು ‘ಕಾವಲಿಗೆ ಬೇಕು’ ಎಂದು ಕೇಳಿದರೆ ನಾಯಿ ಮತ್ತೆ ಹಗಲಿರುಳು ಚೈನಿನಲ್ಲಿ, ವಾರಕ್ಕೊಮ್ಮೆ ಮಾತ್ರ ಯಜಮಾನರ ಮುಖ ಕಾಣುತ್ತ ಬಿದ್ದಿರುತ್ತದೆ. ಅಪಾರ್ಟ್‌ಮೆಂಟಿನವರಿಗೇ ಕೊಡುವುದಾದರೆ, ನಾಯಿ ಸಾಕಬಾರದೆಂದು ನಿವಾಸಿಗಳ ಸಂಘ ನಿಷೇಧಿಸುವಂತಿಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಅವರ ಬೆನ್ನಿಗಿದೆ. ಬಾಡಿಗೆದಾರರಾದರೆ ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆದಿರಬೇಕು.

ಹಿರಿಯ ನಾಯಿಗೆ ವಯಸ್ಸಾದ ದಂಪತಿ ಅನೇಕ ಸಲ ಹೊಂದುತ್ತಾರೆ. ಮನೆಯಲ್ಲಿ ದಿನವಿಡೀ ಯಾರಾದರೂ ಇರುತ್ತಾರೆ, ದಿನಚರಿ ಗಡಿಯಾರದಂತೆ ನಡೆಯುತ್ತದೆ. ನಲವತ್ತು ಕಿಲೊ ತೂಕದ, ಹಗ್ಗ ಜಗ್ಗುವ ನಾಯಿಯನ್ನು ಮಾತ್ರ ಅವರ ಕೈಗೆ ಕೊಡಬಾರದು.

ಪರಿಚಯ ಒಂದೇ ದಿನದಲ್ಲಿ ಮುಗಿಯುವಂಥದ್ದಲ್ಲ. ಮೊದಲ ಭೇಟಿ ಮನೆಯೊಳಗಾಗದೆ ಖಾಲಿ ರಸ್ತೆಯಲ್ಲಿ, ಮಾಲೀಕರ ಜೊತೆ ನಡೆಯುತ್ತ ಆದರೆ ಚೆನ್ನ. ಹೊಸಬರು ನಾಯಿಯನ್ನು ನೋಡಬಾರದು, ಕರೆಯಬಾರದು, ಕೈ ಚಾಚಬಾರದು. ಪಕ್ಕದಲ್ಲಿ ನಡೆಯುತ್ತ ಆಗಾಗ ಬೇಯಿಸಿದ ಕೋಳಿಯ ತುಣುಕನ್ನು ನೆಲಕ್ಕೆ ಬೀಳಿಸುತ್ತ ಹೋಗಬೇಕು. ಇಂಥ ನಾಲ್ಕಾರು ನಡಿಗೆಗಳಾದ ಮೇಲೆ ನಾಯಿಯೇ ಹತ್ತಿರ ಬಂದು ಮೂಸಿ ನೋಡಿದರೆ ಮುಂದಿನ ಮಾತು. ಕೊಂಡಾಪುರದಲ್ಲಿ ಜಿಎಚ್‌ಎಂಸಿ 2018ರಲ್ಲಿ ತೆರೆದ ನಾಯಿಗಳ ಉದ್ಯಾನ 1.3 ಎಕರೆಯಷ್ಟಿದೆ, ಬೇರೆ ನಾಯಿಗಳೊಂದಿಗೆ ಒಗ್ಗಿದವಕ್ಕೆ ಒಳ್ಳೆಯ ಜಾಗ. ಹೊಸ ನಾಯಿ ಕಂಡರೆ ನಡುಗುವುದನ್ನು ‘ಅಭ್ಯಾಸ ಆಗಲಿ’ ಎಂದು ಅಲ್ಲಿ ಬಿಡುವುದು ಕೆಟ್ಟ ಉಪಾಯ.

ಬೆಂಗಳೂರಿನಿಂದ ಹೈದರಾಬಾದಿಗೋ ಅಲ್ಲಿಂದ ಬೆಂಗಳೂರಿಗೋ ನಾಯಿ ಸಾಗುವುದು ಈಗ ಅಪರೂಪವಲ್ಲ. ಎರಡೂ ಊರುಗಳ ನಡುವೆ ಕೆಲಸ ಬದಲಿಸುವ ಕನ್ನಡ ಮನೆಗಳೇ ಸಾಕಷ್ಟಿವೆ. ರೈಲಿನಲ್ಲಿ ಫಸ್ಟ್ ಎಸಿಯ ಕೂಪೆಯನ್ನು ಪೂರ್ತಿ ಕಾದಿರಿಸಿದರೆ ನಾಯಿಯನ್ನು ಜೊತೆಗೇ ಕರೆದೊಯ್ಯಬಹುದು. ಇಲ್ಲವಾದರೆ ಗಾರ್ಡ್ ವ್ಯಾನಿನ ಪೆಟ್ಟಿಗೆಯಲ್ಲಿ ಹಾಕಬೇಕು, ಭಯಸ್ಥ ನಾಯಿಗೆ ಅದು ನರಕ. 2023ರಲ್ಲಿ ಶುರುವಾದ ಕಾಚಿಗುಡ–ಯಶವಂತಪುರ ವಂದೇ ಭಾರತ್‌ನಲ್ಲಿ ಬರೀ ಚೇರ್‌ಕಾರ್ ಇರುವುದರಿಂದ ನಾಯಿಗೆ ಜಾಗವೇ ಇಲ್ಲ. ಕರ್ನೂಲು, ಅನಂತಪುರ ದಾಟಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಕಾರಿನಲ್ಲಿ ಹೋಗುವುದೇ ವಾಸಿ. ಬೇಸಿಗೆಯಲ್ಲಾದರೆ ರಾತ್ರಿ ಹೊರಡಬೇಕು, ಮಧ್ಯೆ ಇಳಿಸುವಾಗ ಎರಡು ಹಗ್ಗ ಕಟ್ಟಿರಬೇಕು. ಹೆದ್ದಾರಿಯ ಢಾಬಾದ ಬಳಿ ತಪ್ಪಿಸಿಕೊಂಡ ನಾಯಿ ಮರಳಿ ಸಿಗುವುದು ಕಷ್ಟ.

ಹೊಸ ಮನೆಯ ಮೊದಲ ವಾರಗಳು

ಬಂದ ದಿನ ನೆಂಟರಿಷ್ಟರನ್ನು ಕರೆದು ತೋರಿಸುವುದು ಬೇಡ. ಒಂದು ಕೋಣೆ, ಅದರಲ್ಲಿ ಹಳೆಯ ಮನೆಯಿಂದಲೇ ತಂದ, ತೊಳೆಯದ ಹಾಸಿಗೆ, ನೀರು. ಅಡುಗೆಮನೆಯ ಕುಕ್ಕರ್ ಸೀಟಿ ನೇರವಾಗಿ ಕೇಳಿಸದ ಕೋಣೆಯಾದರೆ ಇನ್ನೂ ಉತ್ತಮ. ಹಳೆಯ ಮನೆಯಲ್ಲಿ ತಿನ್ನುತ್ತಿದ್ದುದನ್ನೇ, ಮೊಸರನ್ನವೋ ಕೋಳಿ ಅನ್ನವೋ, ಅದೇ ಹೊತ್ತಿಗೆ ಇಟ್ಟು ದೂರ ಸರಿಯಬೇಕು. ಮೊದಲೆರಡು ದಿನ ತಿನ್ನದೆಯೂ ಇರಬಹುದು. ಮನೆಯವರು ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು, ನಾಯಿಗೆ ಬೆನ್ನು ಹಾಕಿ, ಪುಸ್ತಕವೋ ಫೋನೋ ನೋಡುತ್ತಿದ್ದರೆ ಸಾಕು.

ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ನಾಯಿ ರಕ್ಷಣೆಯ ಕೆಲಸದವರು ಹೇಳುತ್ತಾರೆ. ಮೂರು ದಿನದಲ್ಲಿ ಗಾಬರಿ ತಗ್ಗುತ್ತದೆ, ಮೂರು ವಾರದಲ್ಲಿ ದಿನಚರಿ ಗೊತ್ತಾಗುತ್ತದೆ, ಮೂರು ತಿಂಗಳಲ್ಲಿ ಮನೆ ತನ್ನದೆನಿಸುತ್ತದೆ. ಸಾಮಾಜಿಕತೆ ಕಲಿಯದ ಹಿರಿಯ ನಾಯಿಗೆ ಇದು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಒಂದು ವಿಚಿತ್ರವನ್ನು ಮಾತ್ರ ಮೊದಲೇ ತಿಳಿದಿರಬೇಕು. ಮೊದಲ ವಾರ ಮೂಲೆಯಲ್ಲಿ ಮುದುಡಿ ‘ಸಾಧು’ವಾಗಿದ್ದ ನಾಯಿ ಮೂರನೇ ವಾರ ಗುರುಗುಟ್ಟಲು ಶುರುಮಾಡಬಹುದು. ನಾಯಿ ಕೆಟ್ಟುಹೋಯಿತೆಂದು ಗಾಬರಿಬಿದ್ದು ಮರಳಿಸುವುದು ಈ ಹೊತ್ತಿನಲ್ಲೇ. ಅಷ್ಟು ದಿನ ಹೆದರಿ ಮರಗಟ್ಟಿದ್ದ ನಾಯಿಗೆ ಈಗ ‘ಬೇಡ’ ಎನ್ನುವ ಧೈರ್ಯ ಬಂದಿದೆ ಎಂಬುದೇ ಅದರ ಅರ್ಥ.

ಗುರುಗುಟ್ಟಿದ್ದಕ್ಕೆ ಹೊಡೆಯಬಾರದು. ಅದು ಎಚ್ಚರಿಕೆ. ಅದಕ್ಕೂ ಮೊದಲು ನಾಯಿ ಇನ್ನೂ ಮೆಲ್ಲಗೆ ಹೇಳಿರುತ್ತದೆ: ತಿನ್ನಲು ಏನೂ ಇಲ್ಲದಿದ್ದರೂ ಮೂತಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸುವುದು, ಬಾಲ ಮುದುರಿಕೊಂಡು ಕಲ್ಲಾಗಿ ನಿಲ್ಲುವುದು. ಗುರುಗುಟ್ಟುವಿಕೆಯನ್ನು ಏಟಿನಿಂದ ಅಡಗಿಸಿದರೆ ಮುಂದೆ ಅದು ಎಚ್ಚರಿಸದೆಯೇ ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಯಾರೂ ಕೈಚಾಚದಿರುವುದು ಕ್ಷೇಮ, ಹೆದರಿದ ನಾಯಿ ಎರಡನ್ನೂ ಮಾಡುತ್ತದೆ.

ದೊಡ್ಡ ನಾಯಿ ಕಲಿಯುವುದು ಹೇಗೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕೇಳುವವರಿಗೆ ಉತ್ತರ: ಪೂರ್ತಿ ಬಗ್ಗದು, ಆದರೆ ಬಾಗುತ್ತದೆ. ಕಳೆದುಹೋದ ಆ ಎಳೆಯ ವಾರಗಳು ಮರಳಿ ಬರುವುದಿಲ್ಲ. ನಿರ್ದಿಷ್ಟ ವಸ್ತುವಿನ, ವ್ಯಕ್ತಿಯ ಭಯವನ್ನು ಮಾತ್ರ ಯಾವ ವಯಸ್ಸಿನಲ್ಲೂ ತಗ್ಗಿಸಬಹುದು. ಪಾವ್ಲೋವ್‌ನ ನಾಯಿಗಳು ಗಂಟೆಗೆ ಜೊಲ್ಲು ಸುರಿಸಿದ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಕರೆಗಂಟೆಯನ್ನೇ ತೆಗೆದುಕೊಂಡರೆ, ಅದರ ಸದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ನಾಯಿಯ ಕಿವಿ ನಿಮಿರುವಷ್ಟೇ ಸಣ್ಣಗೆ ಒಮ್ಮೆ ಕೇಳಿಸಬೇಕು. ಮರುಕ್ಷಣ ಪನೀರಿನದೋ ಕೋಳಿಯದೋ ಚೂರು. ಸದ್ದು ಮೊದಲು, ತಿಂಡಿ ಆಮೇಲೆ. ಈ ಕ್ರಮ ತಪ್ಪಿದರೆ ಉಪಯೋಗವಿಲ್ಲ. ದಿನಕ್ಕೆ ಐದಾರು ನಿಮಿಷ ಸಾಕು. ಸದ್ದು ಕೇಳಿದೊಡನೆ ನಾಯಿ ಬಾಗಿಲ ಬದಲು ಮನೆಯವರ ಕೈ ನೋಡತೊಡಗಿದಾಗ ಧ್ವನಿ ಒಂದು ಗೀಟು ಏರಿಸಬೇಕು. ಬೊಗಳಿತೆಂದರೆ ಅವಸರವಾಯಿತೆಂದು ತಿಳಿದು ಒಂದು ಹೆಜ್ಜೆ ಹಿಂದೆ ಬರಬೇಕು. ಅಪರಿಚಿತರ ವಿಷಯದಲ್ಲೂ ಹೀಗೆಯೇ, ಅಲ್ಲಿ ಧ್ವನಿಯ ಬದಲು ದೂರವನ್ನು ಕಡಿಮೆ ಮಾಡುತ್ತ ಬರಬೇಕು.

ಮಝಲ್ ಎನ್ನುವ ಬಾಯಿಕುಕ್ಕೆಯನ್ನು ಶಿಕ್ಷೆಯೆಂದು ನೋಡುವುದು ತಪ್ಪು. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಜಾಗವಿರುವ ಬುಟ್ಟಿಯಂಥದ್ದನ್ನು ಕೊಳ್ಳಬೇಕು. ಬಾಯಿಯನ್ನು ಬಿಗಿದು ಕಟ್ಟುವ ಬಟ್ಟೆಯದು ಹೈದರಾಬಾದಿನ ಬಿಸಿಲಿನಲ್ಲಿ ಅಪಾಯಕಾರಿ. ಬುಟ್ಟಿಯ ಒಳತುದಿಗೆ ಗಟ್ಟಿ ಮೊಸರು ಸವರಿ, ನಾಯಿ ತಾನಾಗಿಯೇ ಮೂತಿ ತೂರಿಸಿ ನೆಕ್ಕುವಂತೆ ಕೆಲವು ದಿನ ಬಿಟ್ಟು, ಆಮೇಲಷ್ಟೇ ಪಟ್ಟಿ ಬಿಗಿಯಬೇಕು. ಇದು ರೂಢಿಯಾದರೆ ಲಿಫ್ಟು, ಆಸ್ಪತ್ರೆ, ಕಾರು ಎಲ್ಲಕ್ಕೂ ನಿರಾಳ.

‘ನೀವು ಯಜಮಾನರೆಂದು ತೋರಿಸಿ’ ಎನ್ನುತ್ತ ಕುತ್ತಿಗೆ ಬಿಗಿಯುವ ಚೈನು, ಮುಳ್ಳಿನ ಬೆಲ್ಟು ತರುವ ತರಬೇತುದಾರರು ಎಲ್ಲ ಊರಿನಲ್ಲೂ ಇದ್ದಾರೆ. ಈ ಯಜಮಾನಿಕೆಯ ಸಿದ್ಧಾಂತ ಬಂದದ್ದು ತೋಳಗಳಿಂದ. ರುಡಾಲ್ಫ್ ಶೆಂಕೆಲ್ ಬೋನಿನಲ್ಲಿಟ್ಟ ತೋಳಗಳನ್ನು ನೋಡಿ 1947ರಲ್ಲಿ ಬರೆದದ್ದನ್ನು ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದರು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಅದೇ ಮೆಕ್ 1999ರಲ್ಲಿ, ತೋಳದ ಹಿಂಡೆಂದರೆ ಬಹುಮಟ್ಟಿಗೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಅಲ್ಲಿ ಗೆದ್ದು ಪಟ್ಟಕ್ಕೇರುವ ನಾಯಕನಿಲ್ಲ ಎಂದು ತಿದ್ದಿದರು. ತರಬೇತುದಾರರಲ್ಲಿ ಅನೇಕರಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ. ಭಯದಿಂದ ಕಚ್ಚುವ ನಾಯಿಯನ್ನು ಮತ್ತಷ್ಟು ಹೆದರಿಸಿದರೆ ಹೆಚ್ಚುವುದು ಕಡಿತವೇ. ಭಯ ತೀರ ಜಾಸ್ತಿಯಿದ್ದರೆ ಫ್ಲುಯಾಕ್ಸೆಟಿನ್‌ನಂಥ ಔಷಧಿಯನ್ನು ವೈದ್ಯರು ಕೊಡಬಹುದು. ಪರಿಣಾಮ ಕಾಣಲು ವಾರಗಳೇ ಬೇಕು, ಮತ್ತು ತರಬೇತಿಯ ಜೊತೆಗಷ್ಟೇ ಅದಕ್ಕೆ ಅರ್ಥ.

ಊರಿನ ಪಂಚಾಂಗವನ್ನೂ ಗಮನದಲ್ಲಿಡಬೇಕು. ಆಷಾಢದ ಬೋನಾಲು ಮೆರವಣಿಗೆಯ ತೀನ್‌ಮಾರ್ ಡೋಲು, ಗಣೇಶನ ಹನ್ನೊಂದು ದಿನ, ದೀಪಾವಳಿಯ ಪಟಾಕಿ ಇವುಗಳ ಆಸುಪಾಸಿನಲ್ಲಿ ನಾಯಿಯ ಮನೆ ಬದಲಿಸಬಾರದು. ಹೊಸ ಬಾಗಿಲು, ಹೊಸ ಬೀದಿ, ಮೇಲಿಂದ ಪಟಾಕಿ ಸೇರಿದರೆ ನಾಯಿ ಗೇಟು ಹಾರಿ ಓಡುತ್ತದೆ, ತಿರುಗಿ ಬರಲು ಅದಕ್ಕೆ ದಾರಿಯೂ ಗೊತ್ತಿರುವುದಿಲ್ಲ. ಕೊರಳ ಬೆಲ್ಟಿನಲ್ಲಿ ಹೊಸ ಮನೆಯ ಫೋನ್ ನಂಬರು ಮೊದಲ ದಿನವೇ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಟಾರು ರಸ್ತೆ ಪಾದ ಸುಡುವುದರಿಂದ ನಡಿಗೆಯೆಲ್ಲ ಬೆಳಗಿನ ಆರರೊಳಗೆ ಅಥವಾ ರಾತ್ರಿ. ಜನ ಕಡಿಮೆ ಇರುವ ಹೊತ್ತೂ ಅದೇ ಆದ್ದರಿಂದ ಇಂಥ ನಾಯಿಗೆ ಅನುಕೂಲವೇ.

ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಿಂದ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ನಾಯಿಗೆ ಲಸಿಕೆಯಾಗಿದ್ದರೂ ವೈದ್ಯರಲ್ಲಿಗೆ ಹೋಗಲೇಬೇಕು. ನಾರಾಯಣಗುಡದ ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆ ಮತ್ತು ನಲ್ಲಕುಂಟದ ಫೀವರ್ ಆಸ್ಪತ್ರೆ ಇದಕ್ಕೆ ಹೈದರಾಬಾದಿನ ಹಳೆಯ ವಿಳಾಸಗಳು. ಸ್ನಾಯುವಿಗೆ ಕೊಡುವ ರೇಬೀಸ್ ಲಸಿಕೆಯಾದರೆ 0, 3, 7, 14, 28ನೇ ದಿನಗಳಲ್ಲಿ, ಚರ್ಮದೊಳಗೆ ಕೊಡುವುದಾದರೆ 0, 3, 7, 28ರಂದು. ಹಲ್ಲು ಚರ್ಮ ಸೀಳಿ ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು.

ಮನೆ ಸಿಗದೇ ಹೋದರೆ

ಕೆಲವು ನಾಯಿಗಳಿಗೆ ಹೊಸ ಮನೆ ಪರಿಹಾರವಲ್ಲ. ಇದ್ದ ಮನೆಯಲ್ಲೇ ಬಾಗಿಲಿಗೊಂದು ಅಡ್ಡಗೇಟು ಹಾಕಿ, ನೆಂಟರು ಬಂದಾಗ ಕೋಣೆ ಬದಲಿಸಿ, ಕುಕ್ಕೆ ರೂಢಿಸಿ ಉಳಿದ ನಾಲ್ಕೈದು ವರ್ಷ ಕಳೆಯಬಹುದಾದ ನಾಯಿಗಳು ಬಹಳ. ಮನೆ ಹುಡುಕಲು ಹೊರಟವರು ಈ ದಾರಿಯನ್ನು ಮೊದಲು ನೋಡಿರಬೇಕು. ಇನ್ನು ಕೆಲವು, ಸಂಖ್ಯೆಯಲ್ಲಿ ಕಡಿಮೆ, ಮತ್ತೆ ಮತ್ತೆ ಆಳವಾಗಿ ಕಚ್ಚಿ, ಔಷಧಿಗೂ ತರಬೇತಿಗೂ ಜಗ್ಗದೆ, ಹಗಲಿರುಳು ಭಯದಲ್ಲೇ ಬದುಕುವಂಥವು. ಅವುಗಳ ವಿಷಯದಲ್ಲಿ ನೋವಿಲ್ಲದ ಸಾವನ್ನು ಪಶುವೈದ್ಯರ ಜೊತೆ ಚರ್ಚಿಸುವುದು ಕ್ರೌರ್ಯವಲ್ಲ. ನೆರೆಹೊರೆಯವರ ಒತ್ತಾಯಕ್ಕೋ ಒಂದು ಘಟನೆಯ ಸಿಟ್ಟಿಗೋ ಮಾತ್ರ ಆ ನಿರ್ಧಾರ ಆಗಬಾರದು.

ನಾಯಿ ಮನೆ ಬದಲಿಸುವಾಗ ಒಂದು ಒಪ್ಪಂದಪತ್ರ ಬರೆದುಕೊಳ್ಳುವುದು ರೂಢಿ. ಲಸಿಕೆ ಪುಸ್ತಕ, ಪಾಲಿಕೆಯ ನೋಂದಣಿ ಹೊಸಬರ ಹೆಸರಿಗೆ ಆಗಬೇಕು. ಆ ಪತ್ರದ ಮುಖ್ಯವಾದ ಸಾಲು, ಹೊಂದಿಕೆಯಾಗದಿದ್ದರೆ ನಾಯಿಯನ್ನು ಬೇರೆ ಯಾರಿಗೂ ಕೊಡದೆ ಮೊದಲಿನವರಿಗೇ ಅಥವಾ ಮಧ್ಯೆ ನಿಂತ ಸಂಸ್ಥೆಗೇ ಮರಳಿಸಬೇಕು ಎಂಬುದು. ಮೊದಲ ತಿಂಗಳು ವಾರಕ್ಕೊಂದು ಫೋನು, ಆಮೇಲೆ ತಿಂಗಳಿಗೊಂದು ಸಾಕು. ಹಳೆಯ ಮನೆಯವರು ಹೋಗಿ ನೋಡುವುದನ್ನು ಮೂರು ತಿಂಗಳಾದರೂ ಮುಂದೂಡಬೇಕು. ಮರಳಿ ಬಂದರೂ ಅದು ಸೋಲೇನಲ್ಲ. ಆ ಮನೆಯಲ್ಲಿ ಏನಾಯಿತು, ಯಾವುದನ್ನು ಸಹಿಸಿತು, ಯಾವುದನ್ನು ಸಹಿಸಲಿಲ್ಲ ಎಂಬುದನ್ನೆಲ್ಲ ಹಳೆಯ ಪಟ್ಟಿಗೆ ಸೇರಿಸಿಕೊಂಡು ಮುಂದಿನ ಮನೆಯವರೊಂದಿಗೆ ಮಾತು ಆರಂಭಿಸಬಹುದು.